ಹೌಸಿ ಮುಗಿದ ಮೇಲೆ

ಸಂಜೆ ನಾಲ್ಕು ಗಂಟೆ. ಚಹಾದ ಲೋಟಗಳನ್ನು ಎತ್ತಿಯಾಗಿದೆ. ಹಾಲ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಅರ್ಧವೃತ್ತದಲ್ಲಿ ಜೋಡಿಸಿ, ಮುಂದಿನ ಸಾಲಿಗೆ ಗಾಲಿಕುರ್ಚಿಗಳನ್ನು ತಂದು ನಿಲ್ಲಿಸಿದ್ದಾರೆ. ಮೈಕು ಹಿಡಿದ ಯುವತಿ ಹೌಸಿಯ ಅಂಕಿಗಳನ್ನು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಹಿಂದಿಯಲ್ಲಿ, ಕಿವಿ ಮಂದವಾದವರಿಗಾಗಿ ಮತ್ತೊಮ್ಮೆ ಮರಾಠಿಯಲ್ಲಿ ಕೂಗುತ್ತಾಳೆ. ನಾಲ್ಕೈದು ಜನ ಉತ್ಸಾಹದಿಂದ ಆಡುತ್ತಿದ್ದಾರೆ. ಇನ್ನು ಕೆಲವರ ಚೀಟಿಯನ್ನು ಪಕ್ಕದಲ್ಲಿ ನಿಂತ ಆಯಾ ಗೀಚುತ್ತಿದ್ದಾಳೆ. ಕೊನೆಯ ಸಾಲಿನಲ್ಲೊಬ್ಬರು ನಿದ್ದೆ ಹೋಗಿದ್ದಾರೆ. ಯಾರೋ ಫೋನಿನಲ್ಲಿ ಫೋಟೋ ತೆಗೆದು ಮಕ್ಕಳ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಅಮೆರಿಕದಿಂದಲೋ ಪುಣೆಯಿಂದಲೋ ಹೃದಯದ ಚಿಹ್ನೆಯೊಂದು ಮರಳಿ ಬರುತ್ತದೆ. ಐದು ಗಂಟೆಗೆ ಆಟ ಮುಗಿಯುತ್ತದೆ.

ಮುಂಬಯಿಯಲ್ಲಾಗಲಿ ಅದರ ಉಪನಗರಗಳಲ್ಲಾಗಲಿ ವೃದ್ಧಾಶ್ರಮಕ್ಕೆ ಹೋಗಿಬಂದವರಿಗೆ ಈ ನೋಟ ಹೊಸದಲ್ಲ. ಮೈಕು ಹಿಡಿದ ಆ ಯುವತಿಯ ಹುದ್ದೆಗೆ ಆಕ್ಟಿವಿಟಿ ಕೋಆರ್ಡಿನೇಟರ್ ಎಂದು ಹೆಸರು. ಕನ್ನಡದಲ್ಲಿ ಚಟುವಟಿಕೆ ಸಂಯೋಜಕಿ ಎನ್ನಬಹುದು. ಎಷ್ಟೋ ಮನೆಗಳಲ್ಲಿ ಇಂಥದ್ದೊಂದು ಹುದ್ದೆಯೇ ಇಲ್ಲ. ಮೇಲ್ವಿಚಾರಕಿ, ನರ್ಸ್ ಅಥವಾ ವಾರಕ್ಕೆರಡು ದಿನ ಬರುವ ಫಿಸಿಯೋಥೆರಪಿಸ್ಟ್ ತಮ್ಮ ಕೆಲಸದ ಜೊತೆಗೆ ಇದನ್ನೂ ಮಾಡುತ್ತಾರೆ. ಹುದ್ದೆ ಇದ್ದ ಕಡೆಯಲ್ಲೂ ಅದನ್ನು ಅಳೆಯುವುದು ನಾಲ್ಕರಿಂದ ಐದರ ಈ ಒಂದು ಗಂಟೆಯಿಂದಲೇ. ಎಷ್ಟು ಜನ ಬಂದರು, ಯಾವ ಹಬ್ಬ ಆಚರಿಸಿದರು, ಎಷ್ಟು ಫೋಟೋ ಬಂತು ಎಂಬುದೇ ಲೆಕ್ಕ. ದಿನದ ಉಳಿದ ಇಪ್ಪತ್ಮೂರು ಗಂಟೆಗಳಿಗೂ ಆಕೆಗೂ ಸಂಬಂಧವಿದೆ ಎಂದು ಆಡಳಿತಕ್ಕೆ ಅನಿಸುವುದಿಲ್ಲ, ಮನೆಯವರಿಗೆ ಅನಿಸುವುದಿಲ್ಲ. ಹಲವು ಸಲ ಆಕೆಗೇ ಅನಿಸುವುದಿಲ್ಲ.

ತಪ್ಪಾಗಿರುವುದು ಇಲ್ಲೇ. ಈ ಕೆಲಸದ ತಿರುಳು ಮನರಂಜನೆಯಲ್ಲ. ತನ್ನ ದಿನದ ಮೇಲೆ ಹಿಡಿತ ಕಳೆದುಕೊಂಡ ಮನುಷ್ಯನಿಗೆ ಆ ಹಿಡಿತದ ಒಂದು ಅಂಚನ್ನಾದರೂ ಹಿಂತಿರುಗಿಸುವುದು ಅದರ ತಿರುಳು. ಔಷಧಿ, ಊಟ, ಸ್ನಾನಗಳಷ್ಟೇ ಅದೂ ಆರೈಕೆ. ಅದನ್ನು ಆರೈಕೆಯೆಂದು ಎಣಿಸದಿದ್ದರೆ ಅತ್ಯಂತ ಸ್ವಚ್ಛವಾದ ವೃದ್ಧಾಶ್ರಮವೂ ಒಂದು ಕಾಯುವ ಕೋಣೆಯಾಗಿಯೇ ಉಳಿಯುತ್ತದೆ.

ಕಾನೂನಿನ ಒಂದು ಪದ

ಈ ತಪ್ಪು ಕಲ್ಪನೆ ವೃದ್ಧಾಶ್ರಮಗಳ ಹಾಲ್‌ಗೆ ಮಾತ್ರ ಸೀಮಿತವಲ್ಲ, ದೇಶದ ಕಾನೂನಿನಲ್ಲೇ ಇದೆ. ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಜೀವನಾಂಶ ಹಾಗೂ ಕಲ್ಯಾಣ ಕಾಯ್ದೆ ಬಂದದ್ದು 2007ರಲ್ಲಿ. ರಾಜ್ಯ ಸರ್ಕಾರಗಳು ಜಿಲ್ಲೆಗೊಂದರಂತೆ ಆರಂಭಿಸಿ, ಕನಿಷ್ಠ 150 ನಿರ್ಗತಿಕ ಹಿರಿಯರು ಇರಬಹುದಾದ ವೃದ್ಧಾಶ್ರಮಗಳನ್ನು ಸ್ಥಾಪಿಸಬಹುದು ಎಂದು ಅದರ 19ನೆಯ ಕಲಂ ಹೇಳುತ್ತದೆ. ಸ್ಥಾಪಿಸಲೇಬೇಕು ಎನ್ನುವುದಿಲ್ಲ. ಅಲ್ಲಿನ ಸೇವೆಗಳ ಗುಣಮಟ್ಟದ ಮಾತು ಬಂದಾಗ ಕಾಯ್ದೆಗೆ ಎರಡೇ ವಿಷಯ ನೆನಪಾಗುತ್ತವೆ: ವೈದ್ಯಕೀಯ ಆರೈಕೆ ಮತ್ತು ಮನರಂಜನೆಯ ಸಾಧನಗಳು. ದೇಹಕ್ಕೆ ಡಾಕ್ಟರು, ಮನಸ್ಸಿಗೆ ಟಿವಿ. ಇವೆರಡರ ನಡುವೆ ಮನುಷ್ಯನಿಗೆ ಇನ್ನೇನಾದರೂ ಬೇಕಾಗಬಹುದು ಎಂಬ ಊಹೆ ಆ ವಾಕ್ಯದಲ್ಲಿಲ್ಲ. ಖಾಸಗಿ ಆರೈಕೆ ಮನೆಗಳನ್ನೂ ನೋಂದಣಿಗೆ ಒಳಪಡಿಸಿ, ಕನಿಷ್ಠ ಮಾನದಂಡ ವಿಧಿಸಲು ಹೊರಟ ತಿದ್ದುಪಡಿ ಮಸೂದೆಯೊಂದು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡನೆಯಾಯಿತು. ಸ್ಥಾಯಿ ಸಮಿತಿಗೂ ಹೋಯಿತು. ಆದರೆ ಆ ಲೋಕಸಭೆಯ ಅವಧಿ ಮುಗಿಯುವುದರೊಳಗೆ ಕಾನೂನಾಗಲಿಲ್ಲ.

ಅಮೆರಿಕದಲ್ಲಿ 1987ರ ನರ್ಸಿಂಗ್ ಹೋಮ್ ಸುಧಾರಣಾ ಕಾನೂನು ಬೇರೆ ದಾರಿ ಹಿಡಿಯಿತು. ಸರ್ಕಾರದ ಹಣ ಪಡೆಯುವ ನರ್ಸಿಂಗ್ ಹೋಮ್‌ಗಳು ಅರ್ಹ ವೃತ್ತಿಪರರ ನೇತೃತ್ವದಲ್ಲಿ ಚಟುವಟಿಕೆಗಳನ್ನು ನಡೆಸಲೇಬೇಕು. ಅವು ಪ್ರತಿಯೊಬ್ಬ ನಿವಾಸಿಯ ಆಸಕ್ತಿಗೂ ದೈಹಿಕ, ಮಾನಸಿಕ, ಸಾಮಾಜಿಕ ಒಳಿತಿಗೂ ಹೊಂದುವಂತಿರಬೇಕು. ಅಲ್ಲಿನ ನರ್ಸಿಂಗ್ ಹೋಮ್‌ಗಳೆಲ್ಲ ಇದರಿಂದ ಸ್ವರ್ಗವಾದವು ಎಂದಲ್ಲ. ಆದರೆ ಗಮನಿಸಬೇಕಾದ ಮಾತು ‘ಪ್ರತಿಯೊಬ್ಬ’ ಎಂಬುದು. ಮನರಂಜನೆಯನ್ನು ಗುಂಪಿಗೆ ಒದಗಿಸಬಹುದು, ಆಸಕ್ತಿಯನ್ನು ಒಬ್ಬೊಬ್ಬರಲ್ಲೇ ಹುಡುಕಬೇಕು.

ಪರೇಲಿನಲ್ಲಿ ಮೊದಲೇ ಗೊತ್ತಿದ್ದ ವಿಷಯ

ಇದನ್ನು ಮುಂಬಯಿ ಅಮೆರಿಕದಿಂದ ಹೊಸದಾಗಿ ಕಲಿಯಬೇಕಾಗಿಲ್ಲ ಎಂಬುದು ಸೋಜಿಗ. ಕೈಗೆ ಕೆಲಸ ಕೊಡುವುದೂ ಚಿಕಿತ್ಸೆಯೇ ಎಂಬ ವಿಚಾರಕ್ಕೆ ದೇಶದಲ್ಲಿ ಮೊದಲ ಶಾಲೆ ತೆರೆದದ್ದು ಇದೇ ನಗರದಲ್ಲಿ, ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ, 1950ರಲ್ಲಿ. ಆ ಆಕ್ಯುಪೇಷನಲ್ ಥೆರಪಿ ಶಾಲೆಯನ್ನು ಕಟ್ಟಿದವರು ಕಮಲಾ ನಿಂಬಕರ್. ಅಮೆರಿಕದಲ್ಲಿ ಎಲಿಜಬೆತ್ ಲಂಡಿ ಎಂಬ ಹೆಸರಿನಲ್ಲಿ ಹುಟ್ಟಿ, ಭಾರತೀಯರನ್ನು ಮದುವೆಯಾಗಿ, ಈ ನೆಲವನ್ನೇ ತಮ್ಮದಾಗಿಸಿಕೊಂಡವರು. ಅಂಗಾಂಗ ಸೋತವನನ್ನು ಮಲಗಿಸಿಡುವುದು ದಯೆಯಲ್ಲ, ಅವನು ತಾನೇ ಗುಂಡಿ ಹಾಕಿಕೊಳ್ಳುವಂತೆ, ತಾನೇ ಊಟ ಮಾಡುವಂತೆ, ತನಗೆ ಬೇಕಾದ ಕೆಲಸವನ್ನು ತಾನೇ ಮಾಡುವಂತೆ ಹಾದಿ ಹುಡುಕುವುದು ಚಿಕಿತ್ಸೆ ಎಂಬುದು ಆ ವಿದ್ಯೆಯ ಮೂಲಪಾಠ. ಇವತ್ತು ಅದು ಕಾನೂನಿನ ಮಾನ್ಯತೆ ಪಡೆದ ವೃತ್ತಿ. ಆದರೂ ಪಾರ್ಶ್ವವಾಯು ಆದವರಿಗೆ ಆಸ್ಪತ್ರೆಯಲ್ಲಿ ಕೆಲವು ವಾರ ಸಿಗುವ ಈ ದೃಷ್ಟಿ, ಅವರು ಮುಂದಿನ ಐದೋ ಹತ್ತೋ ವರ್ಷ ಬಾಳಬೇಕಾದ ವೃದ್ಧಾಶ್ರಮದ ಬಾಗಿಲು ದಾಟುವುದು ಕಡಿಮೆ.

ಅದೇ ಮುಂಬಯಿ ಜಗತ್ತಿಗೆ ಇನ್ನೊಂದು ಚಟುವಟಿಕೆಯನ್ನೂ ಕೊಟ್ಟಿದೆ. 1995ರ ಮಾರ್ಚ್ 13ರಂದು ಡಾ. ಮದನ್ ಕಟಾರಿಯಾ ಅಂಧೇರಿಯ ಲೋಖಂಡವಾಲಾದ ಒಂದು ಪಾರ್ಕಿನಲ್ಲಿ ಐದು ಜನರೊಂದಿಗೆ ನಗೆಕೂಟ ಆರಂಭಿಸಿದರು. ಮೊದಮೊದಲು ಜೋಕು ಹೇಳಿ ನಗುತ್ತಿದ್ದರು. ಜೋಕುಗಳು ಖಾಲಿಯಾದ ಮೇಲೆ ಕಾರಣವಿಲ್ಲದೆ ನಗುವುದನ್ನು ಕಂಡುಕೊಂಡರು. ಅದು ದೇಶದೇಶಗಳಿಗೆ ಹಬ್ಬಿತು, ವೃದ್ಧಾಶ್ರಮಗಳ ವೇಳಾಪಟ್ಟಿಯಲ್ಲೂ ಸೇರಿತು. ಪಾರ್ಕಿನ ನಗೆಕೂಟಕ್ಕೆ ಜನ ಚಪ್ಪಲಿ ಮೆಟ್ಟಿಕೊಂಡು ತಾವಾಗಿ ಬರುತ್ತಾರೆ, ಬೇಡವಾದ ದಿನ ಮನೆಯಲ್ಲೇ ಉಳಿಯುತ್ತಾರೆ. ವೃದ್ಧಾಶ್ರಮದಲ್ಲಿ ಅದೇ ನಗು ಹತ್ತೂವರೆಗೆ ಸರಿಯಾಗಿ, ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಬಂದವರಿಂದ ಬರಬೇಕಾಗುತ್ತದೆ. ಚಟುವಟಿಕೆ ಅದೇ, ಅದರೊಳಗಿನ ಮನುಷ್ಯನ ಸ್ಥಾನ ಬೇರೆ.

ಒಂದು ಗಿಡ, ಎರಡು ಮಹಡಿ

ಈ ವ್ಯತ್ಯಾಸವನ್ನು ಸರಳವಾಗಿ ತೋರಿಸಿಕೊಟ್ಟ ಪ್ರಯೋಗವೊಂದಿದೆ. ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಎಂಬ ಮನಶ್ಶಾಸ್ತ್ರಜ್ಞೆಯರು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಒಂದು ನರ್ಸಿಂಗ್ ಹೋಮ್‌ನಲ್ಲಿ ಅದನ್ನು ನಡೆಸಿ 1976ರಲ್ಲಿ ಪ್ರಕಟಿಸಿದರು. ಎರಡು ಮಹಡಿಗಳ ಹಿರಿಯರಿಗೂ ತಲಾ ಒಂದು ಗಿಡ ಸಿಕ್ಕಿತು, ವಾರಕ್ಕೊಂದು ಸಿನಿಮಾ ಸಿಕ್ಕಿತು. ಒಂದು ಮಹಡಿಯವರು ಗಿಡವನ್ನು ತಾವೇ ಆರಿಸಿಕೊಂಡು ತಾವೇ ನೀರು ಹಾಕಬೇಕು, ಸಿನಿಮಾ ಯಾವ ದಿನ ನೋಡಬೇಕೆಂದು ತಾವೇ ತೀರ್ಮಾನಿಸಬೇಕು. ಇನ್ನೊಂದು ಮಹಡಿಯವರಿಗೆ ಗಿಡವನ್ನು ಕೈಗಿಟ್ಟು, ನೀರು ನರ್ಸ್ ಹಾಕುತ್ತಾರೆ ಎಂದರು. ಸಿನಿಮಾ ಯಾವ ದಿನವೆಂದು ತಿಳಿಸಿದರು. ಮೂರು ವಾರಗಳ ನಂತರ ಮೊದಲ ಮಹಡಿಯವರು ಹೆಚ್ಚು ಚುರುಕಾಗಿದ್ದರು, ಹೆಚ್ಚು ಮಾತಾಡುತ್ತಿದ್ದರು, ಹೆಚ್ಚು ನೆಮ್ಮದಿಯಿಂದಿದ್ದರು. ಇದು ಸಣ್ಣ ಪ್ರಯೋಗ. ಮುಂದೆ ಅದೇ ತಂಡ ಆಯುಷ್ಯದ ಬಗ್ಗೆ ನೀಡಿದ ಲೆಕ್ಕದಲ್ಲಿ ತಪ್ಪು ಸಿಕ್ಕಿ ತಿದ್ದುಪಡಿಯೂ ಬಂತು. ಆದ್ದರಿಂದ ಗಿಡಕ್ಕೆ ನೀರು ಹಾಕಿದರೆ ಆಯುಷ್ಯ ಹೆಚ್ಚುತ್ತದೆ ಎಂದು ಯಾರೂ ಬೋರ್ಡು ಹಾಕಬೇಕಾಗಿಲ್ಲ. ಗಮನಿಸಬೇಕಾದದ್ದು ಇಷ್ಟೇ: ಎರಡೂ ಮಹಡಿಗಳಿಗೆ ಸಿಕ್ಕ ಮನರಂಜನೆ ಒಂದೇ ಆಗಿತ್ತು, ಬೇರೆಯಾಗಿದ್ದದ್ದು ಆಯ್ಕೆ ಮತ್ತು ಹೊಣೆ.

1991ರಲ್ಲಿ ನ್ಯೂಯಾರ್ಕ್ ರಾಜ್ಯದ ಇನ್ನೊಂದು ನರ್ಸಿಂಗ್ ಹೋಮ್‌ಗೆ ನಾಯಿ, ಬೆಕ್ಕು, ನೂರು ಗಿಣಿಗಳನ್ನು ತಂದು ತುಂಬಿಸಿದ ಡಾಕ್ಟರ್ ಬಿಲ್ ಥಾಮಸ್ ಕೂಡ ಇದೇ ಜಾಗಕ್ಕೆ ಬಂದು ಮುಟ್ಟಿದರು. ಒಂಟಿತನ, ಬೇಸರ, ಅಸಹಾಯಕತೆ ಎಂಬ ಮೂರು ಪಿಡುಗುಗಳು ಇಂಥ ಮನೆಗಳನ್ನು ಕಾಡುತ್ತವೆ ಎಂದರು. ನಮ್ಮ ವೃದ್ಧಾಶ್ರಮಗಳು ಬೇಸರದ ವಿರುದ್ಧ ಮಾತ್ರ ಹೋರಾಡುತ್ತಿವೆ. ಒಂಟಿತನ ಹೌಸಿಯ ಗುಂಪಿನ ನಡುವೆಯೂ ಇರಬಲ್ಲದು. ಅಸಹಾಯಕತೆಯಂತೂ, ಚೀಟಿಯನ್ನು ಇನ್ನೊಬ್ಬರು ಗೀಚಿದಾಗ, ಬೆಳೆಯುತ್ತದೆ.

ಬೆಳಗಿನ ನಾಲ್ಕು ಗಂಟೆಗೆ ಏಳುವವರು

ಹಾಗಾದರೆ ಸಂಯೋಜಕಿಯ ನಿಜವಾದ ಕೆಲಸ ಎಲ್ಲಿಂದ ಆರಂಭವಾಗಬೇಕು? ಒಬ್ಬರನ್ನು ಊಹಿಸಿಕೊಳ್ಳಿ. ಉಡುಪಿಯ ಕಡೆಯ ಹಳ್ಳಿಯಿಂದ ಹನ್ನೆರಡನೆಯ ವಯಸ್ಸಿಗೆ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕೋಟೆ ಭಾಗದ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಮುಂದೆ ಮಾಟುಂಗಾದ ಹೋಟೆಲೊಂದರಲ್ಲಿ ನಲವತ್ತು ವರ್ಷ ಅಡುಗೆ ಮಾಡಿದವರು. ಈಗ ಮರೆವಿನ ಕಾಯಿಲೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕತ್ತಲಲ್ಲಿ ಬಾಗಿಲು ಬಡಿಯುತ್ತಾರೆ. ರಾತ್ರಿಪಾಳಿಯ ದಾಖಲೆಯಲ್ಲಿ ‘ಚಡಪಡಿಕೆ’ ಎಂದು ಬರೆಯಲಾಗುತ್ತದೆ. ಡಾಕ್ಟರು ನಿದ್ದೆಯ ಮಾತ್ರೆ ಸ್ವಲ್ಪ ಹೆಚ್ಚಿಸುತ್ತಾರೆ. ಮಾತ್ರೆಯ ಮಂಪರಿನಲ್ಲಿ ಅವರು ಹಗಲೆಲ್ಲ ತೂಗುತ್ತಾರೆ, ಸಂಜೆಯ ಹೌಸಿಯಲ್ಲಿ ಕೊನೆಯ ಸಾಲಿನಲ್ಲಿ ನಿದ್ದೆ ಹೋಗುತ್ತಾರೆ. ಚಟುವಟಿಕೆಯಲ್ಲಿ ಆಸಕ್ತಿ ಇಲ್ಲ ಎಂದು ಇನ್ನೊಂದು ದಾಖಲೆ ಸೇರುತ್ತದೆ.

ಬೆಳಗಿನ ನಾಲ್ಕು ಎಂದರೆ ಇಡ್ಲಿಯ ಹಿಟ್ಟು ಪಾತ್ರೆಗೆ ಬೀಳುವ ಹೊತ್ತು ಎಂಬುದು ಗೊತ್ತಿದ್ದರೆ ಈ ಸರಪಳಿ ಮೊದಲ ಕೊಂಡಿಯಲ್ಲೇ ಮುರಿಯುತ್ತದೆ. ಆ ಹೊತ್ತಿಗೆ ಒಂದು ದೀಪ, ಒಂದು ಲೋಟ ಕಾಫಿ, ಬಿಡಿಸಲು ಒಂದಿಷ್ಟು ಕರಿಬೇವು ಸಾಕಾಗಬಹುದು. ಸಾಕಾಗದೆಯೂ ಇರಬಹುದು, ಮಾತ್ರೆ ಬೇಕಾಗಲೂಬಹುದು. ಆದರೆ ಮಾತ್ರೆಗಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಇವರು ಜೀವನವೆಲ್ಲ ಈ ಹೊತ್ತಿನಲ್ಲಿ ಏನು ಮಾಡುತ್ತಿದ್ದರು? ಈ ಪ್ರಶ್ನೆ ಕೇಳುವುದೇ ಸಂಯೋಜಕಿಯ ಮೊದಲ ಕೆಲಸ. ಮನೆಗೆ ಸೇರಿಸಿಕೊಳ್ಳುವಾಗ ತುಂಬಿಸುವ ಅರ್ಜಿಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಆಧಾರ್ ಸಂಖ್ಯೆ ಇರುತ್ತವೆ. ‘ಹವ್ಯಾಸ’ ಎಂಬ ಕಾಲಂನಲ್ಲಿ ಮಗ ‘ಓದು, ಸಂಗೀತ’ ಎಂದು ಬರೆದು ಸಹಿ ಹಾಕುತ್ತಾನೆ. ಯಾವ ಓದು, ಯಾರ ಸಂಗೀತ ಎಂಬುದು ಆತನಿಗೂ ಸರಿಯಾಗಿ ಗೊತ್ತಿರುವುದಿಲ್ಲ.

ಮುಂಬಯಿಯ ಹಿರಿಯರ ಬದುಕು ಒಂದೇ ಬಗೆಯದಲ್ಲ. ಗಿರಣಗಾಂವ್‌ನ ಮಗ್ಗದ ಸದ್ದಿನಲ್ಲಿ ಕಿವಿ ಕಳೆದುಕೊಂಡು, 1982ರ ಜನವರಿಯಲ್ಲಿ ಆರಂಭವಾದ ಮುಷ್ಕರದಲ್ಲಿ ಕೆಲಸವನ್ನೂ ಕಳೆದುಕೊಂಡವರಿದ್ದಾರೆ. ಡಾಕ್‌ನಲ್ಲಿ, ಬ್ಯಾಂಕಿನಲ್ಲಿ, ರೈಲ್ವೆಯಲ್ಲಿ ದುಡಿದವರಿದ್ದಾರೆ. ಚಾಳಿನ ಉದ್ದ ಪಡಸಾಲೆಯಲ್ಲಿ ಹತ್ತು ಮನೆಯ ಮಕ್ಕಳನ್ನು ಸಾಕಿದ ಹೆಂಗಸರಿದ್ದಾರೆ. ಬುಧವಾರ ರಾತ್ರಿ ರೇಡಿಯೊ ಸಿಲೋನಿನಲ್ಲಿ ಅಮೀನ್ ಸಯಾನಿಯವರ ದನಿಗೆ ಕಾದು ಕುಳಿತವರು ಇವರೆಲ್ಲರಲ್ಲೂ ಇದ್ದಾರೆ. ಹಿಂದಿ ಹಾಡಿನ ಕಾರ್ಯಕ್ರಮ ಮುಂಬಯಿಯ ವೃದ್ಧಾಶ್ರಮಗಳಲ್ಲಿ ಎಂದೂ ಸೋಲದಿರಲು ಅದೇ ಕಾರಣ. ಆದರೆ ಎಲ್ಲರಿಗೂ ಒಪ್ಪುವುದರ ಆಚೆಗೆ, ಒಬ್ಬರಿಗೆ ಮಾತ್ರ ಸೇರಿದ್ದು ಏನಿದೆ ಎಂದು ಹುಡುಕಲು ಸಮಯ ಬೇಕು.

ಅಲ್ಲಿ ಭಾಷೆಯ ಪ್ರಶ್ನೆಯೂ ಬರುತ್ತದೆ. ಅರವತ್ತು ವರ್ಷ ಮುಂಬಯಿಯ ಹಿಂದಿಯಲ್ಲೇ ವ್ಯವಹಾರ ಮಾಡಿದವರು ಮರೆವು ಹೆಚ್ಚಾದಂತೆ ತುಳುವಿಗೋ ಕನ್ನಡಕ್ಕೋ ಕೊಂಕಣಿಗೋ ಮರಳುವುದನ್ನು ಎಷ್ಟೋ ಕುಟುಂಬಗಳು ಕಂಡಿವೆ. ಆಯಾ ಹಿಂದಿಯಲ್ಲಿ ಕೇಳುತ್ತಾಳೆ, ಅಜ್ಜಿ ತುಳುವಿನಲ್ಲಿ ಉತ್ತರಿಸುತ್ತಾರೆ. ಎರಡು ದಿನಗಳ ನಂತರ ಆಯಾ ಕೇಳುವುದನ್ನು ಬಿಡುತ್ತಾಳೆ, ಅಜ್ಜಿ ಉತ್ತರಿಸುವುದನ್ನು. ಸಾಯನ್‌ನ ಗೋಕುಲದಿಂದ ಬೆಳೆದ ಬಿ.ಎಸ್.ಕೆ.ಬಿ. ಅಸೋಸಿಯೇಷನ್ ನವಿ ಮುಂಬಯಿಯ ನೆರೂಲ್‌ನಲ್ಲಿ ‘ಆಶ್ರಯ’ ಎಂಬ ಹಿರಿಯರ ಮನೆ ನಡೆಸುತ್ತಿದೆ. ಸಮುದಾಯವೇ ಕಟ್ಟಿದ ಇಂಥ ಮನೆಗಳಲ್ಲಿ ಕನಿಷ್ಠ ಊಟದ ರುಚಿಗೆ, ಹಬ್ಬದ ದಿನಕ್ಕೆ, ಮಾತಿಗೆ ವಿವರಣೆ ಕೊಡಬೇಕಾಗುವುದಿಲ್ಲ. ಆದರೆ ಮುಂಬಯಿಯ ಎಲ್ಲ ಕನ್ನಡಿಗ ಹಿರಿಯರಿಗೂ ಅಂಥ ಜಾಗ ಸಿಗುವುದು ಸಾಧ್ಯವಿಲ್ಲ. ಉಳಿದವರು ಹತ್ತು ಭಾಷೆಗಳ ನಡುವೆ ಒಬ್ಬರೇ ಇರುತ್ತಾರೆ.

ಮೈಸೂರು ಅಸೋಸಿಯೇಷನ್ 1926ರಿಂದಲೂ ಕರ್ನಾಟಕ ಸಂಘ 1933ರಿಂದಲೂ ಈ ನಗರದಲ್ಲಿ ಕನ್ನಡದ ಕೆಲಸ ಮಾಡುತ್ತ ಬಂದಿವೆ. ಅವುಗಳ ಜೊತೆಗೆ ಜಾತಿಗೊಂದು, ಊರಿಗೊಂದು, ಉಪನಗರಕ್ಕೊಂದು ಎಂಬಂತೆ ಸಂಘಗಳಿವೆ. ಹಿರಿಯರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನಿಸುವುದು ಈ ಲೋಕದಲ್ಲಿ ಹೊಸದಲ್ಲ. ಶಾಲಿನ ಬದಲು ವಾರಕ್ಕೊಂದು ಗಂಟೆ ಕೊಡಬಹುದಲ್ಲವೇ? ವೇದಿಕೆ ಬೇಡ, ಭಾಷಣ ಬೇಡ. ಒಬ್ಬ ಮನುಷ್ಯ ಕನ್ನಡ ಪತ್ರಿಕೆ ಹಿಡಿದು ಹೋಗಿ, ಊರಿನ ಸುದ್ದಿಯನ್ನು ಗಟ್ಟಿಯಾಗಿ ಓದಿ, ಎದುರಿಗಿರುವವರು ಅದಕ್ಕೆ ಬೈಯುವುದನ್ನು ಕೇಳಿಸಿಕೊಂಡು ಬಂದರೆ ಸಾಕು. ಯಾವ ಮನೆಯಲ್ಲಿ ಯಾವ ಭಾಷೆಯವರು ಒಂಟಿಯಾಗಿದ್ದಾರೆ ಎಂಬ ಪಟ್ಟಿಯನ್ನು ಸಂಯೋಜಕಿ ಕೊಡಬಲ್ಲಳು.

ನಿಜವಾದ ಕೆಲಸ, ಸುಳ್ಳು ಕೆಲಸ

ಮಡಚಿದ ನ್ಯಾಪ್‌ಕಿನ್‌ಗಳನ್ನು ಹಿಂದಿನಿಂದ ಬಿಚ್ಚಿ ಮತ್ತೆ ಮಡಚಲು ಕೊಡುವ ಉಪಾಯವೊಂದಿದೆ. ಕೆಲವು ಹಂತಗಳಲ್ಲಿ ಕೈಗೆ ಅದೂ ನೆಮ್ಮದಿ ಕೊಡುತ್ತದೆ, ತಳ್ಳಿಹಾಕಬೇಕಾಗಿಲ್ಲ. ಆದರೆ ತಾನು ಮಾಡಿದ್ದು ಯಾರಿಗಾದರೂ ಉಪಯೋಗವಾಯಿತೇ ಎಂಬುದು ಬಹಳ ಜನರಿಗೆ ಕೊನೆಯವರೆಗೂ ತಿಳಿಯುತ್ತದೆ. ಬಟಾಣಿ ಸುಲಿದರೆ ಅದು ಮಧ್ಯಾಹ್ನದ ಪಲ್ಯದಲ್ಲಿ ಕಾಣಬೇಕು. ಹೂಬತ್ತಿ ಹೊಸೆದರೆ ಅದು ಸಂಜೆಯ ದೀಪದಲ್ಲಿ ಉರಿಯಬೇಕು. ನಿವೃತ್ತ ಗುಮಾಸ್ತರು ತರಕಾರಿಯ ಲೆಕ್ಕ ಬರೆದರೆ ಆ ಪುಸ್ತಕವನ್ನು ಮ್ಯಾನೇಜರು ನಿಜವಾಗಿ ನೋಡಬೇಕು.

ಇಲ್ಲಿ ಎರಡು ಅಡ್ಡಿಗಳು ಏಳುತ್ತವೆ. ಒಂದು, ಅಪಾಯ. ಚಾಕು, ಗ್ಯಾಸು, ಒದ್ದೆ ನೆಲ ಎಂದು ವೃದ್ಧಾಶ್ರಮದ ಅಡುಗೆಮನೆಗೆ ನಿವಾಸಿಗಳಿಗೆ ಪ್ರವೇಶವಿರುವುದಿಲ್ಲ. ಐವತ್ತು ವರ್ಷ ಒಲೆಯ ಮುಂದೆ ನಿಂತ ಹೆಂಗಸಿಗೆ ಆ ಬಾಗಿಲು ಮುಚ್ಚಿದಾಗ ಮನೆಯೇ ಮುಚ್ಚಿದಂತೆ. ಬಿದ್ದರೆ ಯಾರು ಹೊಣೆ ಎಂಬ ಭಯ ಸುಳ್ಳಲ್ಲ, ಸೊಂಟದ ಮೂಳೆ ಮುರಿಯುವುದು ಸಣ್ಣ ವಿಷಯವೂ ಅಲ್ಲ. ಆದರೆ ಅಡುಗೆಮನೆಯ ಹೊರಗೆ ಒಂದು ಮೇಜು, ಒಂದು ಮೊರ, ಒಂದು ಬುಟ್ಟಿ ಸೊಪ್ಪು ಇಡಲು ಯಾವ ಅಪಾಯವೂ ಅಡ್ಡ ಬರುವುದಿಲ್ಲ. ಎರಡು, ಸಂಕೋಚ. ದುಡ್ಡು ಕೊಟ್ಟು ಸೇರಿಸಿದ ಅಮ್ಮನ ಕೈಯಲ್ಲಿ ಅಕ್ಕಿ ಆರಿಸುತ್ತಿದ್ದಾರೆ ಎಂದು ಮಗ ದೂರು ಕೊಡುತ್ತಾನೆ. ಜೀವನವೆಲ್ಲ ದುಡಿದಾಯಿತು, ಈಗ ವಿಶ್ರಾಂತಿ ಇರಲಿ ಎಂಬುದು ಅವನ ಪ್ರೀತಿ. ಆ ಪ್ರೀತಿಗೆ ಅಮ್ಮನನ್ನೊಮ್ಮೆ ಕೇಳಿ ನೋಡಲು ಮಾತ್ರ ತೋಚುವುದಿಲ್ಲ. ಬಿಟ್ಟಿ ದುಡಿಮೆ ಮಾಡಿಸಿಕೊಳ್ಳುವುದಕ್ಕೂ ಬೇಕೆಂದು ಕೇಳಿದವರಿಗೆ ಕೆಲಸ ಕೊಡುವುದಕ್ಕೂ ನಡುವಿನ ಗೆರೆಯನ್ನು ಕಾಯುವುದು ಕೂಡ ಸಂಯೋಜಕಿಯ ಹೊಣೆ. ಬೇಡ ಎಂದ ಕ್ಷಣ ನಿಲ್ಲಬೇಕು. ಆ ‘ಬೇಡ’ಕ್ಕೆ ಬೆಲೆ ಇದ್ದರಷ್ಟೇ ‘ಬೇಕು’ ಎಂಬುದಕ್ಕೂ ಬೆಲೆ.

ಕಿಟಕಿಯ ಬಳಿ ಸುಮ್ಮನೆ ಕೂತು ಮಳೆ ನೋಡುವುದೂ ಒಂದು ಚಟುವಟಿಕೆಯೇ. ಜೀವನವಿಡೀ ಚರ್ಚ್‌ಗೇಟ್ ಲೋಕಲಿನಲ್ಲಿ ನಿಂತು ಪ್ರಯಾಣ ಮಾಡಿದವನಿಗೆ ಯಾರ ಭುಜವೂ ತಾಗದ ಒಂದು ಕುರ್ಚಿ ಸಿಕ್ಕಿದ್ದರೆ, ಅವನನ್ನು ಎಬ್ಬಿಸಿ ಹೌಸಿಗೆ ಕರೆತರುವುದು ಆರೈಕೆಯಲ್ಲ. ಹಾಜರಾತಿಯ ಪುಸ್ತಕದಲ್ಲಿ ಅವನು ಗೈರು. ಹಾಜರಾತಿಯಿಂದ ಕೆಲಸ ಅಳೆಯುವ ಮನೆಯಲ್ಲಿ ಸಂಯೋಜಕಿಗೆ ಅವನನ್ನು ಎಬ್ಬಿಸದೆ ಬೇರೆ ದಾರಿಯಿಲ್ಲ. ಬದಲಾಗಬೇಕಾದದ್ದು ಆ ಪುಸ್ತಕ.

“ನಾನ್ಯಾರು ಗೊತ್ತಾಯ್ತಾ?”

2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಕನ್ನಡಿಗರಿಗೆ ಈ ಕಾಯಿಲೆಯ ಮುಖವನ್ನು ಹತ್ತಿರದಿಂದ ತೋರಿಸಿದ್ದು 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಸಿನಿಮಾ. ಅನಂತನಾಗ್ ನಟಿಸಿದ ವೆಂಕೋಬರಾವ್ ಕಳೆದುಹೋಗುವುದು ಮಗ ಆರೈಕೆ ಮನೆಯಿಂದ ಹೊರಗೆ ಕರೆದುಕೊಂಡು ಹೋದ ದಿನ. ಅವರನ್ನು ಹುಡುಕುತ್ತ ಹೋದಂತೆ ಮಗನಿಗೆ ತನ್ನ ಅಪ್ಪ ಯಾರೆಂಬುದು ಮೊದಲ ಸಲ ತಿಳಿಯುತ್ತದೆ. ಪ್ರತಿಯೊಂದು ಆರೈಕೆ ಮನೆಯಲ್ಲೂ ಆ ಹುಡುಕಾಟ ಮನುಷ್ಯ ಕಳೆದುಹೋಗುವ ಮೊದಲೇ ನಡೆಯಬೇಕು.

ಮರೆವಿನವರನ್ನು ನೋಡಲು ಬರುವ ನೆಂಟರು ಮೊದಲು ಕೇಳುವ ಪ್ರಶ್ನೆ “ನಾನ್ಯಾರು ಗೊತ್ತಾಯ್ತಾ?” ಎಂಬುದು. ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಅದು ಪರೀಕ್ಷೆ, ಅದರಲ್ಲಿ ಅವರು ನಪಾಸಾಗುವುದು ಎಲ್ಲರ ಎದುರಿಗೆ. ಬ್ರಿಟನ್ನಿನಲ್ಲಿ ಏಮಿ ಸ್ಪೆಕ್ಟರ್ ಮತ್ತು ಸಂಗಡಿಗರು ರೂಪಿಸಿದ ಕಾಗ್ನಿಟಿವ್ ಸ್ಟಿಮ್ಯುಲೇಷನ್ ಥೆರಪಿ ಎಂಬ ಪದ್ಧತಿಯಲ್ಲಿ ಈ ಪ್ರಶ್ನೆಗೆ ಜಾಗವಿಲ್ಲ. ಏಳು ವಾರ, ವಾರಕ್ಕೆರಡರಂತೆ ಹದಿನಾಲ್ಕು ಬೈಠಕ್ಕುಗಳು, ಸಣ್ಣ ಗುಂಪು. ಮಾಹಿತಿ ಕೇಳಬೇಡಿ, ಅಭಿಪ್ರಾಯ ಕೇಳಿ ಎಂಬುದು ಅದರ ಸೂತ್ರಗಳಲ್ಲಿ ಒಂದು. ಈ ಊರಿನ ಹೆಸರೇನು ಎನ್ನುವ ಬದಲು ಎರಡು ಚಿತ್ರ ತೋರಿಸಿ ಯಾವ ಊರು ಚಂದ ಎಂದು ಕೇಳಬೇಕು. ಅಭಿಪ್ರಾಯದಲ್ಲಿ ಯಾರೂ ನಪಾಸಾಗುವುದಿಲ್ಲ. 201 ಜನರ ಮೇಲೆ ನಡೆಸಿ 2003ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ನೆನಪಿನ ಶಕ್ತಿಗೂ ಬದುಕಿನ ಗುಣಮಟ್ಟಕ್ಕೂ ಇದರಿಂದ ಅನುಕೂಲ ಕಂಡಿತು. ಚೆನ್ನೈನಲ್ಲಿ ಇದನ್ನು ತಮಿಳಿಗೆ ಒಗ್ಗಿಸುವ ಕೆಲಸವೂ ನಡೆದಿದೆ. ಇದಕ್ಕೆ ದುಬಾರಿ ಯಂತ್ರ ಬೇಡ, ತರಬೇತಾದ ಒಬ್ಬ ವ್ಯಕ್ತಿ ಬೇಕು, ಅವಳಿಗೆ ನಿಶ್ಚಿತವಾದ ಸಮಯ ಬೇಕು.

ಒಂಬತ್ತು ನಿಮಿಷದ ಲೆಕ್ಕ

ಸಮಯ ಎಂದಾಗ ಲೆಕ್ಕ ಬರುತ್ತದೆ. ನಲವತ್ತು ಜನರಿರುವ ಮನೆಗೆ ಒಬ್ಬಳೇ ಸಂಯೋಜಕಿ, ದಿನಕ್ಕೆ ಆರು ಗಂಟೆ ಎಂದುಕೊಂಡರೆ ತಲಾ ಒಂಬತ್ತು ನಿಮಿಷ. ಅದರಲ್ಲೇ ಕರೆತರುವುದು, ಕೂರಿಸುವುದು, ವಾಟ್ಸಾಪ್, ರಿಜಿಸ್ಟರ್. ಜಾಗದ ಬೆಲೆಗೆ ಹೆದರಿ ಇಂಥ ಮನೆಗಳು ನಾಲಾಸೋಪಾರಾ, ಪನ್ವೇಲ್, ಕರ್ಜತ್, ನೇರಳ್ ಎಂದು ನಗರದ ಅಂಚಿಗೆ ಸರಿದಿವೆ. ಹಿರಿಯರು ತಮ್ಮ ಬೀದಿಯಿಂದ ದೂರವಾದರು, ಸಿಬ್ಬಂದಿಗೆ ರೈಲಿನ ಗಂಟೆಗಳು ಸೇರಿದವು. ನಿವಾಸಿಯೊಬ್ಬರು ತೀರಿಕೊಂಡ ಮರುದಿನವೂ ನಾಲ್ಕಕ್ಕೆ ಹೌಸಿ ನಡೆಯಲೇಬೇಕು. ಕುರ್ಚಿಯನ್ನು ಸದ್ದಿಲ್ಲದೆ ತೆಗೆದಿಡುತ್ತಾರೆ. ಉಳಿದವರಿಗೆ ಬೇಸರವಾಗಬಾರದೆಂದು ಯಾರೂ ಏನೂ ಹೇಳುವುದಿಲ್ಲ. ಉಳಿದವರಿಗೆ ಎಲ್ಲ ಗೊತ್ತಿರುತ್ತದೆ. ಹೋದವರ ಹೆಸರು ಹೇಳಿ, ಅವರ ಇಷ್ಟದ ಹಾಡೊಂದನ್ನು ಹಾಡಿಸಿ, ಅಳುವವರಿಗೆ ಅಳಲು ಬಿಡುವ ಧೈರ್ಯ ಒಬ್ಬ ಸಂಯೋಜಕಿಗೆ ಇರಬಹುದು. ಆದರೆ ಹಾಗೆ ಮಾಡಲು ಅನುಮತಿ ಇರುವುದು ಅಪರೂಪ. ಆಕೆಯ ದುಃಖಕ್ಕಂತೂ ವೇಳಾಪಟ್ಟಿಯಲ್ಲಿ ಕಾಲಂ ಇಲ್ಲ.

ಖರ್ಚು ಎಲ್ಲಿಂದ ತರುವುದು ಎಂಬುದು ಆಡಳಿತದ ಪ್ರಶ್ನೆ, ನ್ಯಾಯವಾದದ್ದೇ. ದಾನದ ಮೇಲೆ ನಡೆಯುವ ಮನೆಗಳಲ್ಲಿ ಆಯಾಗಳಿಗೆ ಸಂಬಳ ಹೊಂದಿಸುವುದೇ ಕಷ್ಟ. ಆದರೆ ಬೇಕಾದದ್ದರಲ್ಲಿ ಹೆಚ್ಚಿನ ಪಾಲು ಹಣವಲ್ಲ, ಅಧಿಕಾರ. ಬೆಳಗಿನ ಸ್ನಾನವನ್ನು ಒಬ್ಬರಿಗೆ ಮಾತ್ರ ಸಂಜೆಗೆ ಬದಲಿಸಬಹುದೇ? ಚಹಾವನ್ನು ಒಂದು ಮೇಜಿನವರು ತಾವೇ ಬಗ್ಗಿಸಿಕೊಳ್ಳಬಹುದೇ? ಸ್ನಾನ ಮಾಡಿಸುವಾಗ ಆಯಾ ಐದು ನಿಮಿಷ ಹೆಚ್ಚು ತೆಗೆದುಕೊಂಡು, ತಲೆ ತಾನೇ ಬಾಚಿಕೊಳ್ಳಲು ಬಿಡಬಹುದೇ? ಇವೆಲ್ಲ ಚಟುವಟಿಕೆಗಳೇ. ಇವನ್ನು ನಿರ್ಧರಿಸುವಲ್ಲಿ ಇಂದು ಸಂಯೋಜಕಿಯ ಮಾತಿಗೆ ಜಾಗವಿಲ್ಲ, ಏಕೆಂದರೆ ಆಕೆ ಆಟ ಆಡಿಸುವವಳು. ಡಾಕ್ಟರು ಬಂದಾಗ ನಡೆಯುವ ಮಾತುಕತೆಯಲ್ಲಿ ಆಕೆಗೊಂದು ಕುರ್ಚಿ ಹಾಕಿದರೆ, ಮಾತ್ರೆ ಹೆಚ್ಚಿಸುವ ಮೊದಲು ಆಕೆಯನ್ನು ಒಮ್ಮೆ ಕೇಳಿದರೆ, ಒಂಬತ್ತು ನಿಮಿಷ ಇಪ್ಪತ್ನಾಲ್ಕು ಗಂಟೆಗೆ ಹರಡುತ್ತದೆ. ಇದಕ್ಕೆ ಖರ್ಚಿಲ್ಲ.

ಉಳಿದದ್ದಕ್ಕೆ ಸರ್ಕಾರ ಬೇಕು. ಮುಂದೆ ಯಾವಾಗಲಾದರೂ ಕನಿಷ್ಠ ಮಾನದಂಡಗಳು ಕಾನೂನಾಗುವುದಾದರೆ, ಹಾಸಿಗೆಗಳ ನಡುವಿನ ಅಂತರ, ನರ್ಸುಗಳ ಸಂಖ್ಯೆಗಳ ಜೊತೆಗೆ ಈ ಹುದ್ದೆಯೂ ಅದರ ತರಬೇತಿಯೂ ಸೇರಬೇಕು. 2007ರ ಕಾಯ್ದೆಯ ‘ಮನರಂಜನೆ’ ಎಂಬ ಪದ ಹೋಗಿ, ಪ್ರತಿಯೊಬ್ಬರ ಆಸಕ್ತಿ ಮತ್ತು ಆಯ್ಕೆ ಎಂಬ ಮಾತು ಬರಬೇಕು. ಅಲ್ಲಿಯವರೆಗೆ ಅಪ್ಪನನ್ನೋ ಅಮ್ಮನನ್ನೋ ಸೇರಿಸಲು ಮನೆ ನೋಡಲು ಹೋಗುವವರ ಕೈಯಲ್ಲಿ ಸ್ವಲ್ಪ ಶಕ್ತಿಯಿದೆ. ಏಸಿ ಇದೆಯೇ, ಲಿಫ್ಟ್ ಇದೆಯೇ, ಆಸ್ಪತ್ರೆ ಹತ್ತಿರವಿದೆಯೇ ಎಂದು ಕೇಳಿದ ಮೇಲೆ ಇನ್ನೂ ಮೂರು ಪ್ರಶ್ನೆ ಕೇಳಬಹುದು. ಇಲ್ಲಿರುವವರು ಬೆಳಗ್ಗೆ ಎಷ್ಟು ಹೊತ್ತಿಗೆ ಏಳಬೇಕೆಂದು ತೀರ್ಮಾನಿಸುವವರು ಯಾರು? ನಿನ್ನೆ ಚಟುವಟಿಕೆಗೆ ಬರುವುದಿಲ್ಲ ಎಂದವರು ಆ ಹೊತ್ತಿನಲ್ಲಿ ಏನು ಮಾಡಿದರು? ಈ ಮನೆಯ ಯಾವುದಾದರೂ ಕೆಲಸ ಇಲ್ಲಿನ ನಿವಾಸಿಯೊಬ್ಬರು ಮಾಡದಿದ್ದರೆ ನಿಂತುಹೋಗುತ್ತದೆಯೇ?

ಮೂರನೆಯ ಪ್ರಶ್ನೆಗೆ ಹೌದು ಎಂಬ ಉತ್ತರ ಸಿಗುವುದು ಕಷ್ಟ. ಸಿಕ್ಕರೆ, ಅಲ್ಲಿ ಯಾರೋ ತಮ್ಮ ಕೆಲಸವನ್ನು ಸರಿಯಾಗಿ ಮಾಡುತ್ತಿದ್ದಾರೆ ಎಂದು ತಿಳಿಯಬಹುದು. ಐದು ಗಂಟೆಗೆ ಹೌಸಿ ಮುಗಿದು, ಕುರ್ಚಿಗಳನ್ನು ಗೋಡೆಗೆ ಸರಿಸಿದ ಮೇಲೆ, ದೀಪಕ್ಕೆ ಬತ್ತಿ ಹಾಕಬೇಕಾದವರು ಯಾರೋ ಒಬ್ಬರು ಎದ್ದು ಹೋಗುತ್ತಾರೆ. ನಾಳೆಗೆ ಬತ್ತಿ ಸಾಲದು ಎಂಬುದು ಅವರಿಗೆ ನೆನಪಿರುತ್ತದೆ. ನೆನಪಿಲ್ಲದಿದ್ದರೆ ನೆನಪಿಸುವವರು ಪಕ್ಕದಲ್ಲಿರುತ್ತಾರೆ.